ಬುತ್ತಿಯಲ್ಲಿ ಒಂದು ಹಾಗಲಕಾಯಿ

ಶೈಲಾಳ ತಲೆಯೊಳಗೆ ಅನುಮಾನದ ಹುಳ ಬಿಟ್ಟದ್ದು ಒಂದು ಬಶಿ. ಚಹಾದ ಕಪ್ಪಿನ ಕೆಳಗೆ ಇಡುತ್ತಾರಲ್ಲ, ಅದೇ.

ನಾಲ್ಕು ತಿಂಗಳ ಹಿಂದೆ ಪುಣೆಯ ಧನಕವಡಿಗೆ ಯಾವುದೋ ಕೆಲಸಕ್ಕೆ ಹೋದವಳು ಹಸಿವು ತಾಳದೆ ರಸ್ತೆ ಬದಿಯ ಉಡುಪಿ ಹೋಟೆಲೊಂದನ್ನು ಹೊಕ್ಕಿದ್ದಳು. ನೀರುದೋಸೆ ಬಂದ ಮೇಲೆ ಬ್ಯಾಗಿನಿಂದ ತನ್ನದೇ ಶೇಂಗಾ ಚಟ್ನಿಯ ಡಬ್ಬಿ ತೆಗೆದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದೋಸೆಯ ಮೇಲೆ ಧಾರಾಳವಾಗಿ ಉದುರಿಸಿಕೊಂಡಳು. ಆದರೆ ಒಬ್ಬ ನೋಡುತ್ತಿದ್ದ. ಕೌಂಟರಿನ ಪಕ್ಕ ನಿಂತಿದ್ದ ಎತ್ತರದ ಯುವಕ. ಅವಳು ಚಹಾ ಹೇಳಿದಾಗ ತಾನೇ ತಂದ. ಉಳಿದ ಗಿರಾಕಿಗಳಿಗೆಲ್ಲ ಗಾಜಿನ ಗ್ಲಾಸು. ಇವಳಿಗೆ ಮಾತ್ರ ಕಪ್ಪು, ಅದರ ಕೆಳಗೆ ಅಗಲವಾದ ಬಿಳಿ ಬಶಿ.

“ಇದಕ್ಕೆ ಹೊಯ್ದುಕೊಂಡು ಕುಡೀರಿ,” ಎಂದ. “ಭಾರೀ ಬಿಸಿ ಉಂಟು.”

ಚಹಾವನ್ನು ಬಶಿಗೆ ಸುರುವಿಕೊಂಡು, ಊದಿ, ಸುರ್ರೆಂದು ಕುಡಿಯುವುದು ಅವಳಿಗೆ ಅಪ್ಪನಿಂದ ಬಂದ ಚಟ. ಅಪ್ಪ ಗೂಳಪ್ಪ ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಹಿಂಜವಾಡಿಯ ಆಫೀಸಿನಲ್ಲಿ ಅವಳು ಆ ಚಟವನ್ನು ಯಾರಿಗೂ ತೋರಿಸಿರಲಿಲ್ಲ. ಈ ಗುರುತಿಲ್ಲದವನಿಗೆ ಹೇಗೆ ತಿಳಿಯಿತು? ಕೇಳೋಣವೆಂದು ತಲೆಯೆತ್ತಿದರೆ ಅವನ ಕಣ್ಣು ಅವಳ ಮುಖದಿಂದ ಬಶಿಗೆ ಇಳಿಯಿತು, ಮತ್ತೆ ಮುಖಕ್ಕೆ ಏರಲು ಧೈರ್ಯ ಸಾಲದೆ ಪಕ್ಕದ ಮೇಜಿನ ಉಪ್ಪಿನ ಡಬ್ಬಿಯ ಮೇಲೆ ಹೋಗಿ ಕೂತಿತು. ಆ ನೋಟಕ್ಕೇ ಅವಳು ಸೋತದ್ದು. ಸೋತವಳು ಪ್ರಶ್ನೆ ಕೇಳುವುದನ್ನು ಮರೆತಳು.

ಹುಡುಗನ ಹೆಸರು ರಕ್ಷಿತ. ಹೋಟೆಲು ಅವನ ಅಪ್ಪ ಸಂಕಪ್ಪ ಶೆಟ್ಟರದು. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ, ಹೋಟೆಲಿಗೆ ರಜೆಯ ದಿನ, ಅವನು ಬೈಕಿನಲ್ಲಿ ಊರಿಗೆ ಊರೇ ದಾಟಿ ಊಟದ ಡಬ್ಬಿಯೊಂದಿಗೆ ಹಿಂಜವಾಡಿಗೆ ಬರತೊಡಗಿದ. ಆಫೀಸಿನ ಗೇಟಿನೆದುರು ಮರದ ಕೆಳಗೊಂದು ಕಲ್ಲಿನ ಬೆಂಚು. ಅಲ್ಲಿ ಕೂತು ಉಣ್ಣುವ ಮುಕ್ಕಾಲು ಗಂಟೆಗಾಗಿ ಶೈಲಾ ಉಳಿದ ಆರು ದಿನಗಳನ್ನು ದೂಡುತ್ತಿದ್ದಳು.

ಈಗ ಇನ್ನೊಂದು ಸಂಗತಿ ಹೇಳಬೇಕು. ಶೈಲಾ ಬರೆಯುವವಳು. ದೊಡ್ಡ ಬರವಣಿಗೆಯೇನಲ್ಲ. ‘ಪುಣೆ ಕನ್ನಡತಿಯರು’ ಎಂಬ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ‘ವಾರದ ಬುತ್ತಿ’ ಅಂತ ಒಂದು ಬರಹ ಹಾಕುತ್ತಿದ್ದಳು. ಆ ವಾರ ಓದಿದ್ದೇನು, ನೋಡಿದ್ದೇನು, ತಿಂದದ್ದೇನು, ಯಾವ ಹೊಸ ಚಟ ಹತ್ತಿತು, ಯಾವ ಒಳ್ಳೆಯ ಅಭ್ಯಾಸ ನಾಲ್ಕೇ ದಿನಕ್ಕೆ ಸತ್ತಿತು, ಜೊತೆಗೆ ಯಾರ ಮೇಲಾದರೂ ಒಂದು ತಕರಾರು. ಎಲ್ಲ ತನ್ನ ಮನೆಮಾತಿನಲ್ಲೇ. ಗ್ರೂಪಿನಲ್ಲಿ ನೂರಾ ಹನ್ನೆರಡು ಹೆಂಗಸರು. ಗಂಡಸರಿಗೆ ಪ್ರವೇಶವಿಲ್ಲ. ಹಾಗಾಗಿಯೇ ಅವಳು ಅಲ್ಲಿ ಮನಸ್ಸು ಬಿಚ್ಚಿ ಬರೆಯುತ್ತಿದ್ದಳು.

ಆದರೆ ರವಿವಾರ ಅವಳು ಬರೆದದ್ದು ಮಂಗಳವಾರ ರಕ್ಷಿತನ ಬಾಯಿಂದ ಹೊರಬರತೊಡಗಿತು. ಸಿಂಹಗಡ ಹತ್ತಿ ಎಷ್ಟು ದಿನವಾಯಿತು ಎಂದು ಬರೆದರೆ, “ಶನಿವಾರ ಸಿಂಹಗಡಕ್ಕೆ ಹೋಗುವನಾ?” ಎಂದು ಅವನು ಕೇಳುತ್ತಿದ್ದ. ಸದಾಶಿವ ಪೇಠೆಯಲ್ಲಿ ಸಂಗೀತದ ಬೈಠಕ್ ಇದೆಯಂತೆ, ಜೊತೆಗೆ ಬರುವವರಿಲ್ಲ ಎಂದು ಬರೆದರೆ, ಎರಡು ಪಾಸು ಹಿಡಿದು ನಿಂತಿದ್ದ. ಒಮ್ಮೆ ಆದರೆ ಯೋಗಾಯೋಗ ಅನ್ನಬಹುದು. ಐದು ಸಲ ಆದರೆ?

“ಐದು ಸಲ ಆದ್ರ ಅದು ಪ್ಯಾಟರ್ನ್,” ಎಂದಳು ಶೈಲಾ, ಪಕ್ಕದ ಡೆಸ್ಕಿನ ಗೆಳತಿ ರೇಣುವಿಗೆ. ಇಬ್ಬರೂ ಸಾಫ್ಟ್‌ವೇರ್ ಟೆಸ್ಟರ್‌ಗಳು; ಕನ್ನಡತಿಯರ ಗ್ರೂಪಿನ ಅಡ್ಮಿನ್ ಕೂಡ ಈ ರೇಣುವೇ. “ಆತ ಹೆಂಗಸಿನ ಹೆಸರು ಹಾಕ್ಕೊಂಡು ಗ್ರೂಪಿನ್ಯಾಗ ಕೂತಾನ. ನೀ ಎಲ್ಲಾ ನಂಬರ್ ಚೆಕ್ ಮಾಡು.”

“ಮಾಡೀನಿ. ಅವನ ನಂಬರ್ ಇಲ್ಲ,” ಎಂದಳು ರೇಣು. “ನಿನಗ ಪ್ರೀತಿ ಸಿಕ್ರೂ ಅದರ ಮ್ಯಾಲೆ ಬಗ್ ರಿಪೋರ್ಟ್ ಬರೀತಿ ನೋಡು. ಮನಸ್ಸು ಮನಸ್ಸಿಗೆ ತಿಳೀತದ ಅನ್ಕೋ, ಸುಮ್ನಿರು.”

ಸುಮ್ಮನಿರಲು ಶೈಲಾಳಿಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು, ಕಾರಣದ ಹೆಸರು ಸ್ವಪ್ನಿಲ್. ಮೂರು ವರ್ಷದ ಹಿಂದೆ ಅವಳು ಬರೆಯುತ್ತಿದ್ದ ಬ್ಲಾಗನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮನುಷ್ಯ. ಅವಳಿಗೆ ಇಷ್ಟವಾದದ್ದೆಲ್ಲ “ನನಗೂ, ನನಗೂ” ಎನ್ನುತ್ತಿದ್ದ. ನಿಶ್ಚಿತಾರ್ಥವಾಗಿ ತಿಂಗಳು ಕಳೆಯುವುದರೊಳಗೆ, ಅವನಿಗೆ ಹಾಡು ಬೇಡ, ಬೆಟ್ಟ ಬೇಡ, ಹೆಂಡತಿ ಬರೆಯುವುದಂತೂ ಬೇಡವೇ ಬೇಡ ಎಂದು ಗೊತ್ತಾಯಿತು. ಉಂಗುರ ತಿರುಗಿ ಕೊಟ್ಟ ದಿನ ಅವ್ವ ಪಾರವ್ವ ಅಡುಗೆಮನೆಯ ನೆಲಕ್ಕೆ ಕೂತು ಅತ್ತದ್ದು ಶೈಲಾಳ ಕಣ್ಣಿಗೆ ಕಟ್ಟಿದಂತಿತ್ತು. ಎರಡನೇ ಸಲ ಅವ್ವನನ್ನು ಹಾಗೆ ನೋಡುವ ಶಕ್ತಿ ಅವಳಿಗಿರಲಿಲ್ಲ.

ಬರುವ ರವಿವಾರ ಸಂಜೆ ಐದಕ್ಕೆ ರಕ್ಷಿತನ ಮನೆಯವರು ವಾಕಡದ ಅವಳ ಮನೆಗೆ ಮಾತುಕತೆಗೆ ಬರುವುದು ಗೊತ್ತಾಗಿತ್ತು. ಬೇರೆ ಜಾತಿ, ಬೇರೆ ಸೀಮೆ ಎಂದು ಆರು ವಾರ ಮುಖ ತಿರುಗಿಸಿಕೊಂಡಿದ್ದ ಅಪ್ಪ ಕಡೆಗೂ, “ಬರ್ಲಿ, ನೋಡೋಣು,” ಎಂದಿದ್ದ. ಅಂದರೆ ಶೈಲಾಳ ಕೈಯಲ್ಲಿದ್ದದ್ದು ಒಂದೇ ವಾರ. ಈ ಹುಡುಗ ಇನ್ನೊಬ್ಬ ಸ್ವಪ್ನಿಲ್ ಹೌದೋ ಅಲ್ಲವೋ, ಅಷ್ಟರೊಳಗೆ ತಿಳಿಯಬೇಕಿತ್ತು.

ಅವನ ವಿರುದ್ಧ ಅವಳ ಬಳಿ ಇನ್ನೂ ಎರಡು ಪುರಾವೆಗಳಿದ್ದವು. ಒಂದು, ಅವಳು ಕನ್ನಡದಲ್ಲಿ ಮೆಸೇಜು ಕಳಿಸಿದರೆ ಅವನು ಒಮ್ಮೆಯೂ ಬರೆದು ಉತ್ತರ ಕೊಟ್ಟವನಲ್ಲ. ಯಾವಾಗಲೂ ದನಿಯಲ್ಲಿ ಹೇಳಿ ಕಳಿಸುತ್ತಿದ್ದ. ಮೊದಮೊದಲು ಆ ದನಿಯನ್ನು ಮೂರು ಮೂರು ಸಲ ಕೇಳಿ ನಕ್ಕವಳಿಗೆ ಈಗ, ಬರೆದರೆ ಸಾಕ್ಷಿ ಉಳಿಯುತ್ತದೆಂದು ಹೀಗೆ ಮಾಡುತ್ತಾನೇನೋ ಅನ್ನಿಸುತ್ತಿತ್ತು. ಎರಡು, ಅವನ ಹುಟ್ಟುಹಬ್ಬಕ್ಕೆ ತಾನು ಆರಿಸಿ ಕೊಟ್ಟ ಕನ್ನಡ ಕಾದಂಬರಿ. “ಓದಿದೆ, ಭಾರೀ ಚಂದ ಉಂಟು,” ಎಂದಿದ್ದ. ಆಮೇಲೊಮ್ಮೆ ಹೋಟೆಲಿಗೆ ಹೋದಾಗ ಅದು ಕೌಂಟರಿನ ಮೇಲಿನ ಶೆಲ್ಫಿನಲ್ಲಿ, ಅಂಗಡಿಯ ಪ್ಲಾಸ್ಟಿಕ್ ಕೂಡ ಹರಿಯದೆ, ಊದಿನಕಡ್ಡಿಯ ಪಕ್ಕದಲ್ಲಿತ್ತು.

ಟೆಸ್ಟಿಂಗಿನಲ್ಲಿ ಒಂದು ಕ್ರಮವಿದೆ. ಮಾಹಿತಿ ಸೋರುವ ಜಾಗ ಸಿಗದಿದ್ದರೆ ಸುಳ್ಳು ಡೇಟಾ ತುಂಬಿ, ಅದು ಎಲ್ಲಿ ಹೊರಬರುತ್ತದೆಂದು ಕಾಯಬೇಕು. ಮಾತುಕತೆಗೆ ಒಂದು ವಾರ ಮೊದಲಿನ ರವಿವಾರ ಶೈಲಾ ಬುತ್ತಿಯಲ್ಲಿ ಹೀಗೆ ಬರೆದಳು: “ಈ ವಾರದ ಹೊಸ ಹುಚ್ಚು ಹಾಗಲಕಾಯಿ. ಸಣ್ಣಾಕಿದ್ದಾಗಿಂದ ಮೂಗು ಮುರೀತಿದ್ದೆ. ಈಗ ಅದಿಲ್ಲದ ಊಟ ಸೇರವಲ್ದು.”

ಬರೆಯುವಾಗಲೇ ಅವಳ ನಾಲಿಗೆ ಕಹಿಯಾಗಿತ್ತು. ಹಾಗಲಕಾಯಿಯ ಹೆಸರು ತೆಗೆದರೆ ಊಟದಿಂದ ಎದ್ದು ಹೋಗುವ ಜಾತಿ ಅವಳದು.

ಮಂಗಳವಾರ ಮಧ್ಯಾಹ್ನ ರಕ್ಷಿತ ಬೆಂಚಿನ ಮೇಲೆ ಕೂತು ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದ. ಎಳ್ಳು, ಬೆಲ್ಲ, ಹುಣಸೆಹಣ್ಣಿನ ಘಮ ಬಂತು. ಒಳಗೆ ಹೋಳು ಹೋಳಾಗಿ ಹಾಗಲಕಾಯಿ.

ತನ್ನ ಬಲೆಗೆ ಬಿದ್ದವನನ್ನು ನೋಡಿ ಗೆದ್ದೆ ಅನ್ನಿಸಬೇಕಿತ್ತು. ಶೈಲಾಳಿಗೆ ಅಳು ಬಂತು.

“ಇದೇನ್ರಿ?”

“ಮೆಣಸ್ಕಾಯಿ ಅಂತ, ಒಂದು ನಮೂನೆ ಗೊಜ್ಜು. ನಮ್ಮ ಊರಿನ ಕಡೆಯದ್ದು. ನಾನೇ ಮಾಡಿದ್ದು.”

“ಹಾಗಲಕಾಯಿನ ಯಾಕ?”

“ಹಾಗೇ ಸುಮ್ಮನೆ. ಮಾರ್ಕೆಟಿನಲ್ಲಿ ಚಂದ ಕಂಡಿತು.”

“ನನಗ ಸೇರ್ತದ ಅಂತ ಯಾರ್ ಹೇಳಿದ್ರು ನಿಮಗ?”

ರಕ್ಷಿತ ಒಂದು ಗಳಿಗೆ ಅವಳನ್ನೇ ನೋಡಿದ. ಕಿವಿಯ ತುದಿ ಕೆಂಪಾಯಿತು. “ಯಾರು ಹೇಳ್ಲಿಕ್ಕೆ? ನನಗೇ ಭಾರೀ ಇಷ್ಟ,” ಎಂದು ದೊಡ್ಡದೊಂದು ಹೋಳು ಬಾಯಿಗೆ ಹಾಕಿಕೊಂಡ. ಅಗಿಯಲಿಲ್ಲ. ಮಾತ್ರೆ ನುಂಗಿದ ಹಾಗೆ ನುಂಗಿದ. ಕಣ್ಣಲ್ಲಿ ನೀರಾಡಿತು.

ಶೈಲಾ ಹಟಕ್ಕೆ ತಾನೂ ಒಂದು ಹೋಳು ತಿಂದಳು. ಹಾಳಾದ್ದು, ರುಚಿಯಾಗಿತ್ತು. ಅದರಿಂದ ಅವಳ ಸಿಟ್ಟು ಇನ್ನೂ ಏರಿತು.

“ನಾ ಕೊಟ್ಟ ಪುಸ್ತಕದಾಗ ಕೊನೀಗೆ ಏನಾಗ್ತದ್ರಿ?”

ಅವನು ಡಬ್ಬಿಯ ಮುಚ್ಚಳವನ್ನು ತಿರುವಿ ನೋಡತೊಡಗಿದ.

“ಓದೀನಿ ಅಂದಿದ್ರಿ. ಅದರ ಪ್ಲಾಸ್ಟಿಕ್ ಸೈತ ಹರಿದಿಲ್ಲ, ನಾ ಕಣ್ಣಾರೆ ನೋಡೀನಿ. ಹಾಗಲಕಾಯಿ ಸೇರಂಗಿಲ್ಲ, ಸೇರ್ತದ ಅಂತೀರಿ. ನಿಮಗ ಖರೇ ಸೇರೋದರ ಏನು, ಅದನ್ನರ ಒಮ್ಮೆ ಹೇಳ್ರಿ.”

“ಒಂದು ವಿಷಯ ಹೇಳ್ಲಿಕ್ಕುಂಟು ಶೈಲಾ,” ಎಂದ. “ಆದರೆ ಹೇಳಿದರೆ ನೀವು...” ಅಲ್ಲಿಗೆ ಅವನ ಮಾತು ನಿಂತಿತು. ಅವಳು ಕಾದಳು. ಕಂಪನಿಯ ಎರಡು ಬಸ್ಸುಗಳು ಎದುರಿನಿಂದ ದಾಟಿ ಹೋಗುವಷ್ಟು ಹೊತ್ತು ಕಾದಳು.

“ರವಿವಾರ ಬರಬ್ಯಾಡ್ರಿ,” ಎಂದಳು.

“ಅಮ್ಮನಿಗೆ ಎಂತ ಹೇಳುದು?”

“ಹಾಗಲಕಾಯಿ ಕಹಿ ಆತು ಅಂತ ಹೇಳ್ರಿ.”

ಗೇಟು ದಾಟಿ ಲಿಫ್ಟಿನಲ್ಲಿ ನಿಂತ ಮೇಲೆ ನೋಡಿಕೊಂಡಳು. ಡಬ್ಬಿ ತನ್ನ ಕೈಯಲ್ಲೇ ಉಳಿದಿತ್ತು.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ನಾಳೆ, ನಾಳೆ ಎನ್ನುತ್ತಲೇ ಶನಿವಾರ ಬಂತು. ಪಾರವ್ವ ಶೇಂಗಾ ಹೋಳಿಗೆ ಮಾಡಿ, ಬಟ್ಟೆ ಹಾಸಿ ಒಂದೊಂದಾಗಿ ಆರಲಿಟ್ಟಳು. “ಅವರು ಮೀನ ತಿನ್ನೋ ಮಂದಿ. ನಮ್ಮ ಹೋಳಿಗಿ ಸೇರ್ತಾವೋ ಇಲ್ಲೋ,” ಎಂದು ತನ್ನಷ್ಟಕ್ಕೆ ಚಿಂತೆ ಮಾಡಿದಳು. ಗೂಳಪ್ಪ ಪೆಟ್ಟಿಗೆಯಿಂದ ಧೋತರ ತೆಗೆಸಿ ಇಸ್ತ್ರಿಗೆ ಕೊಟ್ಟು ಬಂದಿದ್ದ. ಶೈಲಾ ಹೋಳಿಗೆಗಳನ್ನು ನೋಡಿದಳು, ಧೋತರವನ್ನು ನೋಡಿದಳು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ರವಿವಾರ ಬೆಳಿಗ್ಗೆ ಅವಳು ಧನಕವಡಿಗೆ ಹೊರಟದ್ದು ಎರಡು ಕೆಲಸಕ್ಕೆ. ಡಬ್ಬಿ ಹಿಂದಿರುಗಿಸಬೇಕು. ಮತ್ತು ಸೋರುವ ಜಾಗ ಯಾವುದೆಂದು ಕಂಡುಹಿಡಿಯಬೇಕು. ಗೊತ್ತಾದ ಮೇಲೆ ಅಪ್ಪನಿಗೆ ಹೇಳಲು ಒಂದು ಕಾರಣವಾದರೂ ಕೈಯಲ್ಲಿರುತ್ತದೆ.

ಹೋಟೆಲಿನ ಹಿಂದೆ ಓಣಿ, ಓಣಿಗೆ ತೆರೆದ ಅಡುಗೆಮನೆಯ ಕಿಟಕಿ. ಒಳಗೆ ಗ್ರೈಂಡರ್ ಗಡಗಡ ತಿರುಗುತ್ತಿತ್ತು. ಶೈಲಾ ಗೋಡೆಗೆ ಒರಗಿ ನಿಂತು ಫೋನು ತೆಗೆದಳು. ಹತ್ತು ಗಂಟೆಗೆ ಸರಿಯಾಗಿ ಗ್ರೂಪಿಗೆ ಬುತ್ತಿ ಹಾಕಿದಳು. ಯಾರ ಫೋನು ಸದ್ದು ಮಾಡುತ್ತದೆ ಎಂದು ಕಿಟಕಿಗೆ ಕಿವಿ ಕೊಟ್ಟಳು.

ಒಳಗಿಂದ ಟಿಣ್ ಎಂದಿತು.

“ಬಂತು, ಬಂತು! ಬುತ್ತಿ ಬಂತು,” ಎಂದಿತು ಒಂದು ಹೆಣ್ಣು ದನಿ. “ಧರ್ಮಣ್ಣ, ಗ್ರೈಂಡರ್ ಬಂದ್ ಮಾಡಿ ಮಾರಾಯ್ರೆ.”

ಗ್ರೈಂಡರ್ ನಿಂತಿತು. “ಓದ್ರಿ ಅಕ್ಕಾರ,” ಎಂದ ಅಡುಗೆಯ ಧರ್ಮಣ್ಣ, ಬಾಗಲಕೋಟೆ ಕಡೆಯ ದನಿಯಲ್ಲಿ. “ನಮ್ಮ ಕಡೆ ಹುಡುಗಿ ಮಾತು ಕೇಳದಿದ್ರ ನನಗ ವಾರ ಮುಗಿದಂಗ ಆಗಂಗಿಲ್ಲ.”

ಅಷ್ಟೇ ಆಗಿತ್ತು. ಸುಳ್ಳು ಹೆಸರಿಲ್ಲ, ಕಳ್ಳ ನಂಬರಿಲ್ಲ. ರಕ್ಷಿತನ ತಾಯಿ ಲೀಲಾಕ್ಷಿ ಗ್ರೂಪಿನ ನೂರಾ ಹನ್ನೆರಡರಲ್ಲಿ ಒಬ್ಬಳು. ಅವಳು ಪ್ರತಿ ರವಿವಾರ ಗ್ರೈಂಡರ್ ನಿಲ್ಲಿಸಿ ಇಡೀ ಅಡುಗೆಮನೆಗೆ ಬುತ್ತಿ ಬಿಚ್ಚಿ ಬಡಿಸುತ್ತಿದ್ದಳು. ತಾಯಿ ಓದಿದ್ದನ್ನು ಮಗ ಕಂಠಪಾಠ ಮಾಡಿದ್ದಾನೆ, ಹಾಗಾದರೆ ಸ್ವಪ್ನಿಲನೇ ಸೈ ಎಂದುಕೊಂಡು ಶೈಲಾ ಬಾಗಿಲ ಕಡೆ ಕಾಲೆತ್ತಿದಳು. ಆಗ ಒಳಗೆ ರಕ್ಷಿತನ ದನಿ ಕೇಳಿತು.

“ಕೊಡಿ ಅಮ್ಮ. ಇವತ್ತಿನದ್ದು ನಾನು ಓದ್ತೇನೆ.”

“ನಿನ್ನಿಂದ ಆಗ್ತದಾ ಮಗ?”

“ನೋಡುವ.”

ಆಮೇಲೆ ಕೇಳಿದ್ದು ಒಂದನೇ ತರಗತಿಯ ಮಗುವಿನ ಓದು. ಅಕ್ಷರಕ್ಕೆ ಅಕ್ಷರ ಹಚ್ಚಿ, ಒತ್ತಕ್ಷರ ಬಂದಲ್ಲಿ ತಡವರಿಸಿ, ಹಿಂದೆ ಹೋಗಿ, ಮತ್ತೆ ಮುಂದೆ ಬಂದು. “ಈ... ವಾ...ರದ... ಬು...ಬುತ್ತಿ... ಖಾ...ಲಿ. ಹಾಗಲ...ಕಾಯಿ... ಸೇರ್ತದ... ಅಂತ... ಬರ...ದಿದ್ದು... ಸುಳ್ಳ.”

ಸಿಟ್ಟಿನಲ್ಲಿ ಎರಡು ನಿಮಿಷಕ್ಕೆ ಬರೆದ ಸಾಲುಗಳನ್ನು ಆ ದನಿ ಒಂದೊಂದೇ ಹೆಕ್ಕಿ ಎತ್ತುತ್ತಿತ್ತು. ಓಣಿಯಲ್ಲಿ ನಿಂತ ಶೈಲಾಳಿಗೆ, ಬರೆಯದೆ ದನಿಯಲ್ಲೇ ಕಳಿಸಿದ ಮೆಸೇಜುಗಳು, ಪ್ಲಾಸ್ಟಿಕ್ ಹರಿಯದ ಪುಸ್ತಕ, ಅರ್ಧಕ್ಕೆ ನಿಂತ ಆ ಮಂಗಳವಾರದ ಮಾತು, ಎಲ್ಲ ಒಟ್ಟಿಗೆ ಅರ್ಥವಾದವು. ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ.

“ತನ್ನ... ರುಚಿ... ಹೇಳಲಾರದ... ಮನು...ಷ್ಯಾನ... ಜೋಡಿ...” ದನಿ ಅಲ್ಲಿ ನಿಂತಿತು.

“ಮುಂದಿನದ್ದು ಓದ್ಲಿಕ್ಕೆ ಬರುದಿಲ್ಲವಾ?” ಎಂದಳು ಲೀಲಾಕ್ಷಿ, ಮೆಲ್ಲಗೆ.

“ಬರ್ತದೆ ಅಮ್ಮ. ಓದ್ಲಿಕ್ಕೆ ಮನಸ್ಸು ಬರುದಿಲ್ಲ.”

ಶೈಲಾ ಬಾಗಿಲಿಗೆ ಬಂದು ನಿಂತಳು. ಧರ್ಮಣ್ಣನ ಕೈಯ ಸೌಟು ಹಾಗೇ ಗಾಳಿಯಲ್ಲಿ ನಿಂತಿತು. ಲೀಲಾಕ್ಷಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಅವಳ ಕೈಯಲ್ಲಿದ್ದ ತನ್ನ ಮನೆಯ ಡಬ್ಬಿ ನೋಡಿ, ಸೆರಗು ಸರಿಮಾಡಿಕೊಂಡಳು. “ಬನ್ನಿ ಧರ್ಮಣ್ಣ, ಹೊರಗೆ ಗಿರಾಕಿಗಳು ಉಂಟಾ ನೋಡುವ,” ಎಂದು, ನೋಡಲು ಮನಸ್ಸಿಲ್ಲದ ಧರ್ಮಣ್ಣನನ್ನು ಎಳೆದುಕೊಂಡೇ ಹೋದಳು.

“ಯಾಕ ಹೇಳಲಿಲ್ಲ?” ಎಂದಳು ಶೈಲಾ.

“ಹೇಗೆ ಹೇಳುದು?” ರಕ್ಷಿತ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ನಾನು ಹುಟ್ಟಿದ್ದೇ ಇಲ್ಲಿ. ಶಾಲೆ ಮರಾಠಿಯಲ್ಲಿ. ಮನೆಯಲ್ಲಿ ತುಳು. ಕನ್ನಡ ಕಲ್ತದ್ದು ಅಡುಗೆಯವರ ಜೊತೆ, ಗಿರಾಕಿಗಳ ಜೊತೆ ಮಾತಾಡಿ ಆಡಿ. ಅಕ್ಷರ ಯಾರೂ ಕಲಿಸ್ಲಿಲ್ಲ. ನೀವು ನೋಡಿದರೆ ಕನ್ನಡದಲ್ಲಿ ಬರೆಯುವವರು. ನಿಮ್ಮ ಹತ್ತಿರ, ನನಗೆ ಅ ಆ ಬರುದಿಲ್ಲ ಅಂತ ಹೇಳುದಾ?”

“ಮತ್ತ ನನ್ನ ಮೆಸೇಜು?”

“ಫೋನೇ ಓದಿ ಹೇಳ್ತದೆ. ಒಳಗೊಂದು ಮೆಷಿನ್ ಹೆಂಗಸು ಉಂಟಲ್ಲ. ನೀವು ‘ಭಾಳ ನೆನಪಾತು’ ಅಂತ ಬರೆದದ್ದನ್ನು ಅವಳು ರೈಲ್ವೆ ಸ್ಟೇಷನಿನ ಹಾಗೆ ಅನೌನ್ಸ್ ಮಾಡಿದಳು.”

ನಗು ಬಂತು. ಶೈಲಾ ಅದನ್ನು ಹಲ್ಲು ಕಚ್ಚಿ ತಡೆದಳು. ಅನುಮಾನ ಇನ್ನೂ ಪೂರ್ತಿ ಇಳಿದಿರಲಿಲ್ಲ. “ಮೊದಲನೇ ದಿನ ಬಶಿ ತಂದ್ರಿ. ನಾನ ಅಂತ ಹ್ಯಾಂಗ ಗೊತ್ತಾತು?”

“ನೀರುದೋಸೆಗೆ ಶೇಂಗಾ ಚಟ್ನಿ ಹಾಕುವವರು ಇಡೀ ಪುಣೆಯಲ್ಲಿ ಎಷ್ಟು ಜನ? ಅದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತೇನೆ, ಚಹಾ ಬಶಿಯಲ್ಲೇ ಕುಡೀತೇನೆ ಅಂತ ನೀವೇ ಬರೆದದ್ದು. ಒಂದು ವರ್ಷದಿಂದ ಕೇಳ್ತಾ ಇದ್ದೆ ಶೈಲಾ. ರವಿವಾರ ಹತ್ತು ಗಂಟೆಗೆ ನಾನು ಎಲ್ಲಿದ್ದರೂ ಅಡುಗೆಮನೆಗೆ ಬರ್ತಿದ್ದೆ. ಮುಖ ಗೊತ್ತಿಲ್ಲದೇ ನೀವು ಇಷ್ಟ ಆಗಿದ್ರಿ. ಮುಖ ಕಂಡ ದಿನ ಒಳಗೆ ಅರ್ಧ ಚಹಾ ಚೆಲ್ಲಿದ್ದೆ.”

“ಅದೆಲ್ಲ ಸರಿ. ಆದರ ನನಗ ಏನ್ ಸೇರ್ತದೋ ಅದನ್ನ ಕಲ್ತು, ನನ್ನ ಮುಂದ ತಂದು ಇಟ್ರಿ. ಹಿಂದ ಒಬ್ಬಾಂವ ಹಿಂಗ ಮಾಡಿದ್ದ. ನಿಮ್ಮದು ಅಂತ ಏನದ?”

ರಕ್ಷಿತ ಮಸಾಲೆ ಡಬ್ಬಿಗಳ ಹಿಂದೆ ಕೈ ಹಾಕಿ ಎರಡು ಗೆರೆಯ ಒಂದು ನೋಟುಬುಕ್ಕು ತೆಗೆದ. ಎಣ್ಣೆಯ ಕಲೆ, ಅರಿಸಿನದ ಬೆರಳು ಗುರುತು. “ಅಮ್ಮ ಕಲಿಸಿದ್ದು. ಎರಡು ತಿಂಗಳಿಂದ. ರವಿವಾರ ನಿಮ್ಮದು ಕೇಳಿ ಆದ ಮೇಲೆ ನಾನೂ ನನ್ನ ಬುತ್ತಿ ಬರೀತೇನೆ. ನಿಮಗೆ ತೋರಿಸ್ಲಿಕ್ಕೆ ಅಂತ ಅಲ್ಲ,” ಎಂದ. ಕೊಡುವಾಗಲೂ ಒಂದು ತುದಿಯನ್ನು ಬಿಡದೆ ಹಿಡಿದಿದ್ದ. ಅವಳು ಎಳೆದುಕೊಳ್ಳಬೇಕಾಯಿತು.

ಕೊಡಪಾನದಷ್ಟು ದೊಡ್ಡ ಅಕ್ಷರಗಳು. ಪುಟಕ್ಕೆ ಆರೇಳು ಸಾಲು.

‘ಈ ವಾರ ಕಬಡ್ಡಿ ನೋಡಿದೆ. ಭಾರೀ ಇಷ್ಟ. ಹಳೆ ಮಿಕ್ಸಿ ರಿಪೇರಿ ಮಾಡಿದೆ. ಅದು ಕೂಡ ಇಷ್ಟ.’

ಮುಂದಿನ ಪುಟ. ‘ಶೈಲಾ ಜೊತೆ ಸಂಗೀತಕ್ಕೆ ಹೋದೆ. ಅರ್ಥ ಆಗಲಿಲ್ಲ. ನಿದ್ದೆ ಬಂತು. ಶೈಲಾ ನೋಡಲಿಲ್ಲ.’

ಕಣ್ಣು ಮುಚ್ಚಿ ತಲ್ಲೀನನಾಗಿದ್ದಾನೆಂದು ಆ ದಿನ ಅವಳು ಎಷ್ಟು ಹಿಗ್ಗಿದ್ದಳು!

ಇನ್ನೊಂದು ಪುಟ. ‘ಸಿಂಹಗಡ ಹತ್ತಿದೆ. ಕಾಲು ನೋವು. ಬೆಟ್ಟ ಇಷ್ಟ ಇಲ್ಲ. ಶೈಲಾ ಇಷ್ಟ.’

ಶೈಲಾ ಆ ಸಾಲಿನ ಮೇಲೆ ನಿಂತುಬಿಟ್ಟಳು. ನಾಲ್ಕು ತಿಂಗಳ ಎಲ್ಲ ಮಾತುಗಳನ್ನು ಒಂದೊಂದಾಗಿ ನೆನೆದಳು. ಹೌದು. “ಹೋಗುವನಾ” ಎಂದಿದ್ದ, “ಬರ್ತೇನೆ” ಎಂದಿದ್ದ. “ನನಗೂ ಇಷ್ಟ” ಎಂದು ಒಂದು ಸಲವೂ ಹೇಳಿರಲಿಲ್ಲ. ಸುಳ್ಳು ಎಂದರೆ ಎರಡೇ: ಪುಸ್ತಕದ್ದೊಂದು, ಹಾಗಲಕಾಯಿಯದೊಂದು. ಎರಡೂ ಅಕ್ಷರ ಬಾರದ ನಾಚಿಕೆ ಮುಚ್ಚಲು ಹೇಳಿದ್ದು. ಸ್ವಪ್ನಿಲ್ ಅವಳಿಗೆ ಇಷ್ಟವಾದದ್ದನ್ನೆಲ್ಲ ತನಗೂ ಇಷ್ಟವೆಂದು ಹೇಳಿ ಅವಳನ್ನು ಇಷ್ಟಪಡದೆ ಹೋದ. ಇವನಿಗೆ ಅವಳ ಯಾವ ಹುಚ್ಚೂ ಹಿಡಿಸಿಲ್ಲ, ಆದರೂ ಕಾಲು ನೋಯಿಸಿಕೊಂಡು ಜೊತೆಗೆ ನಡೆದಿದ್ದಾನೆ.

ಕೊನೆಯ ಪುಟ ಮೊನ್ನೆಯ ಮಂಗಳವಾರದ್ದು, ಮೂರೇ ಸಾಲು. ‘ಹಾಗಲಕಾಯಿ ಕಹಿ. ಸುಳ್ಳು ಹೇಳಿದೆ. ಶೈಲಾ ಬರಬೇಡ ಎಂದರು.’ ಅದರ ಕೆಳಗೆ ಖಾಲಿ ಗೆರೆಗಳು.

“ಅತ್ತದ್ದಾ?” ಎಂದ ರಕ್ಷಿತ ಗಾಬರಿಯಲ್ಲಿ.

“ಉಳ್ಳಾಗಡ್ಡಿ,” ಎಂದಳು. ಅಡುಗೆಮನೆಯಲ್ಲಿ ಯಾರೂ ಉಳ್ಳಾಗಡ್ಡಿ ಹೆಚ್ಚಿರಲಿಲ್ಲ. “ನಾನೂ ಸುಳ್ಳ ಬರದೀನಿ ಬಿಡ್ರಿ. ನಿಮ್ಮ ಮ್ಯಾಲೆ ಬಲೆ ಹಾಕಿದೆ. ತಪ್ಪಾತು.”

“ಹಾಗಾದ್ರೆ ಸಂಜೆ...?”

ಅವಳು ಗೂಡಿನಲ್ಲಿದ್ದ ಪೆನ್ನು ತೆಗೆದು, ಅವನ ಅಕ್ಷರಗಳಷ್ಟೇ ದೊಡ್ಡದಾಗಿ, ಒತ್ತಿ ಒತ್ತಿ ಖಾಲಿ ಗೆರೆಯಲ್ಲಿ ಬರೆದಳು. ನೋಟುಬುಕ್ಕು ಅವನ ಮುಂದಿಟ್ಟಳು.

ರಕ್ಷಿತ ಬೆರಳು ಇಟ್ಟು ಓದತೊಡಗಿದ. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಶೈಲಾ ಅವನ ಮುಖವನ್ನೇ ನೋಡುತ್ತ, ಹುಬ್ಬು ಗಂಟಿಕ್ಕುವುದನ್ನು, ಸಡಿಲವಾಗುವುದನ್ನು ನೋಡುತ್ತ ಕಾದಳು. ಬಾಗಿಲ ಹಿಂದಿನಿಂದ ಇಣುಕಿ ಅದನ್ನು ಆಗಲೇ ಓದಿ ಮುಗಿಸಿದ್ದ ಲೀಲಾಕ್ಷಿ, “ಧರ್ಮಣ್ಣ, ಇವತ್ತು ಸಂಜೆ ಹೋಟೆಲ್ ಬಂದ್,” ಎಂದು ಹೇಳಿದ್ದು ಇಬ್ಬರಿಗೂ ಕೇಳಲಿಲ್ಲ.

“ಸಂ...ಜೆ... ಐ...ದಕ್ಕ... ಬರ್ರಿ,” ಎಂದ ರಕ್ಷಿತ. “ಅವ್ವ... ಹೋ...ಳಿಗಿ... ಮಾ...ಡ್ಯಾಳ.”

ತಲೆಯೆತ್ತಿ ಅವಳನ್ನು ನೋಡಿದ. ಈ ಸಲ ಅವನ ಕಣ್ಣು ಬೇರೆಲ್ಲಿಗೂ ಹೋಗಲಿಲ್ಲ. ಆಮೇಲೆ ಮತ್ತೆ ನೋಟುಬುಕ್ಕಿಗೆ ಬಾಗಿ ಅದೇ ಸಾಲನ್ನು ಇನ್ನೊಮ್ಮೆ ಓದಿದ, ಬೆರಳು ಇಡದೆ.